ಸಿಗ್ರಿಡ್ ಮೇಡಂ ಸಿಗಲಿಲ್ಲ

ಲಾಕ್‌ಡೌನಿನ ಆ ವರ್ಷ ನಮ್ಮ ಲ್ಯಾಬಿನ ಒಂದು ಫ್ರೀಜರ್ ಕೆಟ್ಟಿತು. ಅದರ ಜೊತೆಗೆ ಒಬ್ಬ ಹುಡುಗಿಯ ಮೂರು ವರ್ಷದ ದುಡಿಮೆ ಕರಗಿ ನೀರಾಯಿತು. ಫ್ರೀಜರಿನ ಹೆಸರು ಸಿಗ್ರಿಡ್. ಹುಡುಗಿ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು, ಹುಬ್ಬಳ್ಳಿಯವಳು. ತಪ್ಪು ಯಾರದೆಂದು ಒಪ್ಪಿಕೊಳ್ಳಲು ನನಗೆ ಹತ್ತು ದಿನ ಹಿಡಿಯಿತು. ಬೇರೆ ಯಾರಿಗಾದರೂ ಹತ್ತು ನಿಮಿಷ ಸಾಕಾಗುತ್ತಿತ್ತು.

ಫ್ರೀಜರಿಗೆ ಆ ಹೆಸರು ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು.

ನಾನು ಉಡುಪಿ ಕಡೆಯವಳು. ಬಯೋಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿದೆ. "ಡಾಕ್ಟ್ರಂತೆ, ಆದ್ರೆ ಮದ್ದು ಕೊಡುವ ಡಾಕ್ಟ್ರಲ್ವಂತೆ" ಎಂದು ಮದುವೆ ಮನೆಗಳಲ್ಲಿ ನನ್ನ ಪರಿಚಯ ಮಾಡಿಕೊಡುತ್ತಿದ್ದರು. ಮದುವೆಯಾಗಿ ಎಂಟು ತಿಂಗಳಿಗೆ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಶೋಧನೆಗೆ ಅವಕಾಶ ಸಿಕ್ಕಿತು. "ಅಲ್ಲಿ ಎಂಥ ಉಂಟು, ಇಲ್ಲಿ ಇಲ್ಲದ್ದು?" ಎಂದು ಅತ್ತೆ ಕೇಳಿದರು. ಉತ್ತರ ಕೊಡಲು ಹೋದರೆ ಜಗಳವಾಗುತ್ತಿತ್ತು. ಆದ್ದರಿಂದ ಉತ್ತರ ಕೊಟ್ಟೆ, ಜಗಳವೂ ಆಯಿತು, ಆಮೇಲೆ ವಿಮಾನ ಹತ್ತಿದೆ.

ಆ ಲ್ಯಾಬನ್ನು ನಡೆಸುತ್ತಿದ್ದದ್ದು ಪ್ರೊಫೆಸರಲ್ಲ, ಅರವತ್ತರ ಹತ್ತಿರದ ಒಬ್ಬ ಟೆಕ್ನಿಷಿಯನ್ ಹೆಂಗಸು. ಆ ದೇಶದ ಕ್ಯಾಲೆಂಡರಿನಲ್ಲಿ ನಮ್ಮ ಪಂಚಾಂಗದ ತಿಥಿಯ ಹಾಗೆ ಪ್ರತಿ ದಿನದ ಎದುರು ಒಂದೋ ಎರಡೋ ಹೆಸರು ಅಚ್ಚಾಗಿರುತ್ತದೆ. ಆ ದಿನ ಆ ಹೆಸರಿನವರಿಗೆಲ್ಲ ಹಬ್ಬ, ಕಾಫಿ, ಕೇಕು. ಲ್ಯಾಬಿಗೆ ಹೊಸ ಯಂತ್ರ ಬಂದ ದಿನ ಕ್ಯಾಲೆಂಡರಿನಲ್ಲಿ ಯಾವ ಹೆಸರಿದೆಯೋ ಅದನ್ನೇ ಅವಳು ಅದಕ್ಕಿಡುತ್ತಿದ್ದಳು. ನಮ್ಮಲ್ಲಿ ನಕ್ಷತ್ರ ನೋಡಿ ಅಕ್ಷರ ತೆಗೆಯುವುದಿಲ್ಲವೇ, ಹಾಗೆ. ಇದೇನು ಮಕ್ಕಳಾಟ ಎಂದು ನಾನು ಕೇಳಿದ್ದಕ್ಕೆ ಅವಳು, "ಹೆಸರಿದ್ದರೆ ಧೂಳು ಒರೆಸುತ್ತಾರೆ. ನಂಬರ್ ಇದ್ದರೆ ಯಾರೂ ಮುಟ್ಟುವುದಿಲ್ಲ" ಎಂದಳು.

ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಆ ಊರಿನ ಚಳಿಗಾಲದಲ್ಲಿ ನನಗೆ ಸ್ನೇಹಿತರೆಂದು ಇದ್ದವಳು ಅವಳೊಬ್ಬಳೇ. ಕಾಫಿಯ ಹೊತ್ತಿಗೆ ಹೆಸರುಗಳ ಅರ್ಥ ಬಿಡಿಸಿ ಹೇಳುತ್ತಿದ್ದಳು. ಬ್ಯೋರ್ನ್ ಎಂದರೆ ಕರಡಿ. ಉಲ್ಫ್ ಎಂದರೆ ತೋಳ. ಸ್ಟೆನ್ ಎಂದರೆ ಕಲ್ಲು, ಬರೀ ಕಲ್ಲು. ಹಳೆಯ ಕಾಲದ ಹೆಂಗಸರ ಹೆಸರುಗಳು ಮಾತ್ರ ಎರಡು ತುಂಡು ಸೇರಿಸಿ ಹೊಲಿದವು. ಆಸ್ಟ್ರಿಡ್ ಎಂದರೆ ದೇವರು ಮತ್ತು ಚೆಲುವು. ಸಿಗ್ರಿಡ್ ಎಂದರೆ ಗೆಲುವು ಮತ್ತು ಚೆಲುವು. ತುಂಡುಗಳನ್ನು ಸೇರಿಸುವಾಗ ಒಟ್ಟು ಅರ್ಥದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. ಗುನ್‌ಹಿಲ್ಡ್ ಎಂಬ ಹೆಸರಿನ ಮೊದಲ ತುಂಡು ಯುದ್ಧ, ಎರಡನೆಯ ತುಂಡೂ ಯುದ್ಧ. "ಇದು ನಿನಗಿರಬೇಕಿತ್ತು" ಎಂದಳು. ನನ್ನ ಹೆಸರಿಗೆ ಸಹನೆಯುಳ್ಳವಳು ಎಂದರ್ಥ ಎಂದು ಹೇಳಿದಾಗ ನಗು ತಡೆಯಲಾರದೆ ಕಪ್ಪನ್ನು ಮೇಜಿನ ಮೇಲಿಟ್ಟಳು.

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು. ಊರಿಗೆ ಮರಳಿದ ಮೇಲೆ ಅದಕ್ಕೆ ಕಾರಣಗಳೂ ಸಾಕಷ್ಟು ಸಿಕ್ಕವು. ಎಲ್ಲಿಗೂ ಹೋಗದೆ ಕುರ್ಚಿ ಬಿಸಿ ಮಾಡಿದ ಗಂಡಸರು ನನ್ನನ್ನು ದಾಟಿ ಬಡ್ತಿ ಪಡೆದರು. ನಾನು ಕೂಗಾಡಿದರೆ "ಅವರದ್ದು ಸ್ವಭಾವವೇ ಹಾಗೆ" ಎಂದರು. ಅವರು ಕೂಗಾಡಿದರೆ "ಸರ್ ಸ್ಟ್ರಿಕ್ಟ್" ಎಂದರು. ಗಂಡನಿಗೆ ಮಲೇಷ್ಯಾದ ಸೈಬರ್‌ಜಯಾ ಊರಿನ ಒಂದು ಡೇಟಾ ಸೆಂಟರಿನಲ್ಲಿ ಕೆಲಸವಾದಾಗ ನಾನೂ ಇಲ್ಲಿನ ಒಂದು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿ ಬಂದೆ. ಸ್ಟಾಫ್ ರೂಮಿನಲ್ಲಿ ಕೂತರೆ ಮಣಿಪಾಲದಲ್ಲಿ ಕೂತ ಹಾಗೆಯೇ, ಅಷ್ಟು ಜನ ನಮ್ಮ ಕಡೆಯವರು. ವ್ಯತ್ಯಾಸವೆಂದರೆ ಇಲ್ಲಿ ನನಗೆ ನನ್ನದೇ ಒಂದು ಲ್ಯಾಬ್ ಸಿಕ್ಕಿತು. ನಲವತ್ತೆರಡನೆಯ ವಯಸ್ಸಿನಲ್ಲಿ.

ಮೊದಲ ಫ್ರೀಜರ್ ಬಂದ ದಿನ ನನ್ನ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಸ್ವೀಡಿಷ್ ಕ್ಯಾಲೆಂಡರ್ ತೆಗೆದೆ. ಅವತ್ತು ಬ್ಯೋರ್ನ್. ಸದ್ದೂ ಕರಡಿಯದ್ದೇ ಆಗಿತ್ತು. ಕೆಲವು ವರ್ಷಗಳಲ್ಲಿ ಆಸ್ಟ್ರಿಡ್ ಬಂದಳು, ಆಮೇಲೆ ಸಿಗ್ರಿಡ್. ಪ್ರತಿಯೊಂದಕ್ಕೂ ನಾಮಕರಣ ಮಾಡಿ ಎಲ್ಲರಿಗೂ ಕಾಫಿ ಕೊಡಿಸಿದೆ. ಆಯುಧಪೂಜೆಗೆ ಭಾರತೀಯ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿನಿಂದ ಸೇವಂತಿಗೆ ಹಾರ ತಂದು ಮೂರಕ್ಕೂ ಹಾಕುತ್ತಿದ್ದೆವು. ಕಾಲೇಜಿನವರು ಹಿಂಬದಿಗೆ ಅಂಟಿಸಿದ ಉದ್ದದ ನಂಬರುಗಳನ್ನು ನಾನು ಒಮ್ಮೆಯೂ ಓದಲಿಲ್ಲ.

ಹೆಸರುಗಳನ್ನು ಫ್ರೀಜರುಗಳ ಮೇಲೆ ಬರೆಯಲೂ ಬಿಡಲಿಲ್ಲ. ಮನೆಯಲ್ಲಿ ಯಾರಾದರೂ ಎದೆಗೆ ಹೆಸರು ಅಂಟಿಸಿಕೊಂಡು ಓಡಾಡುತ್ತಾರೆಯೇ? ಹೊಸ ವಿದ್ಯಾರ್ಥಿ ಬಂದರೆ ನಾನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತಿದ್ದೆ: ಇವನು ಬ್ಯೋರ್ನ್, ಇವಳು ಆಸ್ಟ್ರಿಡ್, ಇವಳು ಸಿಗ್ರಿಡ್, ಅರ್ಥ ಹೀಗೆ ಹೀಗೆ. "ಮೂರನೇ ಫ್ರೀಜರ್" ಎಂದವರಿಗೆ ಬೈಗುಳ ಗ್ಯಾರಂಟಿ. ಅಷ್ಟು ಮುದ್ದು ಅವುಗಳ ಮೇಲೆ. ಮಕ್ಕಳಿಲ್ಲದವಳು ಹೀಗೇ ಎಂದು ಸಹೋದ್ಯೋಗಿಗಳು ಹಿಂದಿನಿಂದ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಆಡಿಕೊಳ್ಳಲಿ ಎಂದು ಬಿಟ್ಟೆ, ಆದರೆ ಆಡಿಕೊಂಡವರ ಜೊತೆ ಒಂದು ವರ್ಷ ಮಾತಾಡಲಿಲ್ಲ.

ಫ್ರೀಜರ್ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೆ. ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ನನ್ನ ಕೈಯಾರೆ ಬರೆದದ್ದು. ಅಲಾರಂ ಕೂಗಿದರೆ ಸಿಗ್ರಿಡ್ ಬಳಿ ಇರುವುದನ್ನೆಲ್ಲ ಕೂಡಲೇ ಆಸ್ಟ್ರಿಡ್‌ಗೆ ಒಪ್ಪಿಸಿ, ಆಸ್ಟ್ರಿಡ್ ಬಳಿ ಇರುವುದನ್ನು ಬ್ಯೋರ್ನ್‌ಗೆ. ಕೆಳಗೆ ನನ್ನ ಆಫೀಸಿನ ನಾಲ್ಕಂಕಿಯ ಎಕ್ಸ್‌ಟೆನ್ಷನ್ ನಂಬರು.

ಆ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿತ್ತು. ಇಲ್ಲಿ ಅದನ್ನು ಎಂಸಿಓ ಎನ್ನುತ್ತಿದ್ದರು. ಮನೆಯಿಂದ ಒಬ್ಬರೇ ಹೊರಗೆ ಹೋಗಬಹುದು, ಅದೂ ಹತ್ತಿರದ ಅಂಗಡಿಗೆ. ಹೋಟೆಲಿನಲ್ಲಿ ಕೂತು ತಿನ್ನುವಂತಿಲ್ಲ, ತಪಾವ್ ಮಾತ್ರ, ಕಟ್ಟಿಸಿಕೊಂಡು ಬರಬೇಕು. ಕಾಲೇಜು ಮುಚ್ಚಿತು, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಒಳಗೆ ಪ್ರವೇಶ, ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಬ್ರಿಕ್‌ಫೀಲ್ಡ್ಸಿನ ನಮ್ಮ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಗಂಡ ಊಟದ ಮೇಜನ್ನು ಆಕ್ರಮಿಸಿ ದಿನವಿಡೀ "ಕೇಳಿಸ್ತಾ ಉಂಟಾ?" ಎಂದು ಕಂಪ್ಯೂಟರಿಗೆ ಕೂಗುತ್ತಿದ್ದರು. ನಾನು ಮಲಗುವ ಕೋಣೆಯಲ್ಲಿ ಕೂತು, ಕಾಣದ ನೂರಿಪ್ಪತ್ತು ವಿದ್ಯಾರ್ಥಿಗಳಿಗೆ ಯಕೃತ್ತಿನ ಪಾಠ ಮಾಡುತ್ತಿದ್ದೆ. ಕಿರಾಣಿ ಅಂಗಡಿಯ ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರು ನನ್ನ ಉಷ್ಣತೆ ಮೂವತ್ಮೂರು ಡಿಗ್ರಿ ಎಂದಿತು. ಮೂವತ್ಮೂರಾದರೆ ನಾನು ಹೆಣ ಎಂದು ಅಂಗಡಿಯ ಹೆಂಗಸಿನ ಜೊತೆ ವಾದಕ್ಕಿಳಿದೆ. "ಪರವಾಯಿಲ್ಲೈ ಅಕ್ಕಾ, ಉಳ್ಳೆ ಪೋಂಗ" ಎಂದು ಆ ತಮಿಳು ಹೆಂಗಸು ಒಳಗೆ ಕಳಿಸಿದಳು.

ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ. ಮನೆಯ ಫ್ರಿಜ್ಜನ್ನು ವಾರಕ್ಕೆರಡು ಸಲ ಖಾಲಿ ಮಾಡಿ ತೊಳೆದೆ. ನನ್ನ ಮನಸ್ಸೆಲ್ಲ ಆ ಇನ್ನೊಂದು ಕೋಣೆಯಲ್ಲಿತ್ತು.

ಅಲ್ಲಿದ್ದದ್ದು ಏನೆಂದರೆ, ಹೊಕ್ಕುಳಬಳ್ಳಿಯ ರಕ್ತ. ಹುಟ್ಟಿದ ಕೂಸುಗಳ ಕೆಂಪು ರಕ್ತಕಣಗಳಲ್ಲಿ ಒಂದು ಕಿಣ್ವ ಕಡಿಮೆಯಿದ್ದರೆ ಕಾಮಾಲೆ ವಿಪರೀತಕ್ಕೆ ಹೋಗುತ್ತದೆ. ನನ್ನ ವೃತ್ತಿಯ ಬಹುಪಾಲು ಆ ಒಂದು ಕಿಣ್ವದ ಹಿಂದೆಯೇ ಕಳೆದಿದೆ. ಮೈನಸ್ ಎಂಬತ್ತು ಡಿಗ್ರಿಯಲ್ಲಿಟ್ಟರೆ ಅದು ಕೆಡದೆ ಉಳಿಯುತ್ತದೆ, ಬಿಸಿಯಾದರೆ ಸಾಯುತ್ತದೆ. ಹುಬ್ಬಳ್ಳಿಯ ಹುಡುಗಿ ಮೂರು ವರ್ಷ ಹೆರಿಗೆ ವಾರ್ಡುಗಳಿಗೆ ಅಲೆದು, ತಾಯಂದಿರಿಗೆ ಮುರುಕು ಮಲಯ್ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆದು, ಇಪ್ಪತ್ತೆರಡು ಡಬ್ಬಿ ತುಂಬಿದ್ದಳು. ಎಲ್ಲವೂ ಸಿಗ್ರಿಡ್‌ನಲ್ಲಿ. ಫೆಬ್ರವರಿಯಲ್ಲಿ ಅಕ್ಕನ ಮದುವೆಗೆಂದು ಊರಿಗೆ ಹೋದವಳು ವಿಮಾನ ನಿಂತು ಅಲ್ಲೇ ಸಿಕ್ಕಿಕೊಂಡಿದ್ದಳು. ಅವಳ ಸ್ಕಾಲರ್‌ಶಿಪ್ಪಿನ ಅವಧಿ ಮುಗಿಯಲು ಒಂದೂವರೆ ವರ್ಷವಿತ್ತು. ಬಂದು ಅಳತೆ ಮಾಡಿ ಬರೆದರೆ ಥೀಸಿಸ್ ಮುಗಿಯುತ್ತಿತ್ತು. ವಾರಕ್ಕೊಮ್ಮೆ ವಿಡಿಯೋದಲ್ಲಿ ಬಂದು, "ಸಿಗ್ರಿಡ್ ಆರಾಮ ಅದಾಳೇನ್ರಿ ಮೇಡಂ?" ಎಂದು ಕೇಳುತ್ತಿದ್ದಳು. ಆರಾಮ ಎನ್ನುತ್ತಿದ್ದೆ, ಯಾವ ಆಧಾರದ ಮೇಲೋ.

ಏಪ್ರಿಲಿನ ಒಂದು ಸೋಮವಾರ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರ ಫೋನು. ಮಣಿಪಾಲದವರು, ಹಿಂದಿನ ವರ್ಷವಷ್ಟೇ ನಮ್ಮಲ್ಲಿಗೆ ಬಂದವರು, ಲ್ಯಾಬಿಗೆ ಕಾಲಿಟ್ಟವರಲ್ಲ, ಇಲ್ಲಿನವರ ಹಾಗೆ ಮಾತಿನ ಕೊನೆಗೆ ಲಾ ಸೇರಿಸುವುದನ್ನು ಮಾತ್ರ ಕಲಿತಿದ್ದರು.

"ಮೇಡಂ, ನಿಮ್ಮಲ್ಲಿ ಸಿಗ್ರಿಡ್ ಅಂತ ವಿಸಿಟಿಂಗ್ ಫ್ಯಾಕಲ್ಟಿ ಯಾರಾದ್ರೂ ಉಂಟಾ? ಸೆಕ್ಯುರಿಟಿಯವರು ನಿನ್ನೆಯಿಂದ ಹುಡುಕ್ತಾ ಇದ್ದಾರೆ ಲಾ."

"ಅಲಾರಂ ಯಾವಾಗ ಕೂಗಿತು ಸರ್?" ಎಂದೆ. ಯಾವ ಅಲಾರಂ ಎಂದು ಅವರಿಗೆ ಗೊತ್ತಿರಲಿಲ್ಲ.

ಅನುಮತಿ ಪತ್ರ ಇಮೇಲಿನಲ್ಲಿ ಬರಲು ಎರಡು ಗಂಟೆ. ದಾರಿಯಲ್ಲಿ ಪೊಲೀಸರು ಎರಡು ಕಡೆ ತಡೆದರು. ಫ್ರೀಜರ್ ಸಾಯುತ್ತಿದೆ ಎಂದು ಹೇಳಿದರೆ ಯಾರಿಗೆ ತಾನೆ ಅರ್ಥವಾದೀತು? ಎರಡನೆಯ ಕಡೆ ಆಸ್ಪತ್ರೆಯ ತುರ್ತು ಎಂದು ಸುಳ್ಳು ಹೇಳಿದೆ. ಖಾಲಿ ಹೆದ್ದಾರಿಯಲ್ಲಿ ನನ್ನದೊಂದೇ ಕಾರು, ಅದಕ್ಕೂ ವೇಗ ಸಾಲದು.

ಕಾರಿಡಾರಿನಿಂದಲೇ ಅಲಾರಂ ಕೇಳುತ್ತಿತ್ತು. ಸಿಗ್ರಿಡ್‌ನ ಮುಂಬದಿಯಲ್ಲಿ ಮೈನಸ್ ಎಂಬತ್ತು ಇರಬೇಕಾದಲ್ಲಿ ಏಳು ಎಂದು ಹೊಳೆಯುತ್ತಿತ್ತು. ಬರೀ ಏಳು, ಮೈನಸ್ ಇಲ್ಲದ್ದು. ಬಾಗಿಲು ತೆರೆದಾಗ ಕಾಲ ಮೇಲೆ ನೀರು ಸುರಿಯಿತು. ಡಬ್ಬಿಗಳ ಮೇಲೆ ಹುಡುಗಿಯ ಗುಂಡಗಿನ ಅಕ್ಷರ ಹಾಗೇ ಇತ್ತು. ಒಳಗಿನದೆಲ್ಲ ಕರಗಿ ಕಂದು ನೀರಾಗಿತ್ತು. ಮೂರಡಿ ಆಚೆ ಆಸ್ಟ್ರಿಡ್ ಅರ್ಧ ಖಾಲಿ ಹೊಟ್ಟೆಯಲ್ಲಿ ತಣ್ಣಗೆ ನಿಂತಿದ್ದಳು.

ಕಾವಲುಗಾರ ಹಿಂದೆ ಬಂದು ನಿಂತಿದ್ದ. ನೇಪಾಳದವನು, ನಲವತ್ತರ ಆಸುಪಾಸಿನವನು, ಎರಡು ವಾರದಿಂದ ಇಡೀ ಕಟ್ಟಡದಲ್ಲಿ ಒಬ್ಬನೇ. ನಾನು ಹಿಂದಿಯಲ್ಲಿ ಬಾಯಿಗೆ ಬಂದಂತೆ ಬೈದೆ. ಒಂದು ದಿನವಿಡೀ ಕೂಗುವುದನ್ನು ಕೇಳುತ್ತಾ ನಿಂತಿದ್ದೆಯಾ, ಪಕ್ಕದ್ದರಲ್ಲಿ ಎತ್ತಿಡಲು ಕೈ ಇರಲಿಲ್ಲವಾ, ಬಾಗಿಲ ಮೇಲೆ ಬರೆದದ್ದು ಕಣ್ಣಿಗೆ ಕಾಣಲಿಲ್ಲವಾ ಎಂದೆಲ್ಲ. ಅವನು ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು ಪುಟ ಬಿಡಿಸಿ ನನ್ನ ಮುಂದೆ ಹಿಡಿದ.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಗಂಟೆ ನಿಮಿಷದ ಸಮೇತ ಬರೆದಿದ್ದ. ಅಲಾರಂ ಶುರು. ಸಿಗ್ರಿಡ್ ಮೇಡಂ, ಆಫೀಸ್ ಪಟ್ಟಿಯಲ್ಲಿ ಸಿಗಲಿಲ್ಲ. ಆಸ್ಟ್ರಿಡ್ ಮೇಡಂ, ಸಿಗಲಿಲ್ಲ. ಹಾಸ್ಟೆಲಿನಲ್ಲಿ ಕೇಳಿದೆ, ಸಿಗಲಿಲ್ಲ. ಗೆಸ್ಟ್ ಹೌಸ್, ಬೀಗ. ಬ್ಯೋರ್ನ್ ಸರ್, ಸಿಗಲಿಲ್ಲ. ಎಕ್ಸ್‌ಟೆನ್ಷನ್‌ಗೆ ಫೋನ್, ಯಾರೂ ಎತ್ತಲಿಲ್ಲ. ಆ ಸಾಲು ಹನ್ನೊಂದು ಸಲ ಇತ್ತು. ನನ್ನ ಆಫೀಸು ಫ್ರೀಜರ್ ಕೋಣೆಯ ಪಕ್ಕದ್ದೇ. ಬೀಗ ಹಾಕಿದ ಕೋಣೆಯೊಳಗೆ ಫೋನು ಹೊಡೆದುಕೊಳ್ಳುವುದು ಗೋಡೆಯಾಚೆ ಅವನಿಗೆ ಕೇಳುತ್ತಿತ್ತಂತೆ. ಲ್ಯಾಬಿನ ವಸ್ತು ಮುಟ್ಟಬಾರದೆಂದು ಅವನಿಗೆ ಕಟ್ಟಪ್ಪಣೆ. ಇಂತಿಂಥವರಿಗೆ ಒಪ್ಪಿಸಿ ಎಂದು ಬರೆದಿದೆ, ಒಪ್ಪಿಸಲು ಅವರನ್ನು ಹುಡುಕಿದ.

ಅವನು ಮೆಲ್ಲಗೆ ಕೇಳಿದ: "ಆ ಇಬ್ಬರು ಮೇಡಂ ಚೆನ್ನಾಗಿದ್ದಾರಲ್ಲ? ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದಾರೇನೋ ಅಂದುಕೊಂಡೆ."

ಚೆನ್ನಾಗಿದ್ದಾರೆ ಎಂದೆ.

ಅಂದು ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಕಂಪ್ರೆಸರ್ ಕೆಟ್ಟಿತು, ಎಲ್ಲ ಹೋಯಿತು ಎಂದೆ. ಅದು ನಿಜವೇ, ಆದರೆ ಅರ್ಧ ನಿಜ. ಅವಳು ಅಳಲಿಲ್ಲ. "ಯಾವುದೂ ಉಳದಿಲ್ಲೇನ್ರಿ?" ಎಂದು ಎರಡು ಸಲ ಕೇಳಿದಳು. ಹಿಂದಿನಿಂದ ಅವಳ ತಾಯಿ ಏನಾಯಿತೆಂದು ವಿಚಾರಿಸುವುದು ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತೋ, ಅವಳೇ ಕಟ್ ಮಾಡಿದಳೋ.

ಮುಖ್ಯಸ್ಥರು ವರದಿ ಕೇಳಿದರು. ಕೂತು ಬರೆದೆ: ಯಾಂತ್ರಿಕ ದೋಷ, ಭದ್ರತಾ ಸಿಬ್ಬಂದಿ ಸಮಯಕ್ಕೆ ಸರಿಯಾಗಿ ಸ್ಪಂದಿಸಲಿಲ್ಲ. ಬರೆದದ್ದನ್ನು ಗಂಡನಿಗೆ ಓದಿ ಹೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದರು. ಅವರ ಮೇಲೆ ಎಗರಾಡಿದೆ. ನಿಮಗೇನು ಗೊತ್ತು, ನಿಮ್ಮ ಡೇಟಾ ಕೆಟ್ಟರೆ ಇನ್ನೊಂದು ಕಾಪಿ ಇರುತ್ತದೆ, ನನ್ನ ಹುಡುಗಿಯ ಕೂಸುಗಳ ರಕ್ತಕ್ಕೆ ಕಾಪಿ ಎಲ್ಲಿ ಎಂದೆ. ಅವರು ಹೆಡ್‌ಫೋನ್ ಹಾಕಿಕೊಂಡರು. ವರದಿ ಕಳಿಸಲಿಲ್ಲ, ಅಳಿಸಲೂ ಇಲ್ಲ.

ಆ ಹತ್ತು ದಿನ ನಾನು ಮನುಷ್ಯಳಾಗಿರಲಿಲ್ಲ. ಹಾಲು ಒಲೆಯ ಮೇಲಿಟ್ಟು ಮರೆತೆ. ಪಾಠ ಹೇಳುತ್ತಾ ಹೇಳುತ್ತಾ ಸುಮ್ಮನಾಗಿಬಿಡುತ್ತಿದ್ದೆ. ಇಂಟರ್ನೆಟ್ ಹೋಯಿತೆಂದು ವಿದ್ಯಾರ್ಥಿಗಳು ಭಾವಿಸುತ್ತಿದ್ದರು. ಬಾಲ್ಕನಿಯಲ್ಲಿ ನಿಂತು ಕೆಳಗಿನ ಖಾಲಿ ಬೀದಿ ನೋಡುವಾಗೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಆ ಮನುಷ್ಯ ಹಾಸ್ಟೆಲಿನ ಬಾಗಿಲು ತಟ್ಟಿ, ಇಲ್ಲದ ಇಬ್ಬರು ಹೆಂಗಸರ ಕ್ಷೇಮ ಕೇಳುವ ಚಿತ್ರ. ಹಾಳೆಯ ಮೇಲೆ ನನ್ನ ಮೊಬೈಲ್ ನಂಬರ್ ಒಂದು ಬರೆದಿದ್ದರೆ ಸಾಕಿತ್ತು. ಫ್ರೀಜರಿನ ನೆತ್ತಿಗೆ ಒಂದು, ಎರಡು, ಮೂರು ಎಂದು ಅಂಟಿಸಿದ್ದರೆ ಸಾಕಿತ್ತು. ಹೆಸರು ಮುದ್ದಿಗೆ ಇರಲಿ, ತಪ್ಪಲ್ಲ. ಆದರೆ ಅದನ್ನು ನನ್ನ ಕೈಯಲ್ಲೇ ಇಟ್ಟುಕೊಂಡು, ನನ್ನಿಂದ ಪರಿಚಯ ಮಾಡಿಸಿಕೊಂಡವರಿಗಷ್ಟೇ ಒಳಗೆ ದಾರಿ ಎಂದು ಮಾಡಿಟ್ಟದ್ದು ಜಂಬ. ಅದಕ್ಕೆ ಬೇರೆ ಹೆಸರಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ವರದಿಯನ್ನು ಮೊದಲಿನಿಂದ ಬರೆದೆ. ತುರ್ತು ಸೂಚನೆಯ ಹಾಳೆ ಹೊರಗಿನವರಿಗೆ ಅರ್ಥವಾಗುವಂತಿರಲಿಲ್ಲ, ಬರೆದವಳು ನಾನು, ಕಾವಲುಗಾರ ತನ್ನಿಂದಾದದ್ದನ್ನೆಲ್ಲ ಮಾಡಿದ ಎಂದು. ಕಳಿಸಿ, ಕೈ ಒರೆಸಿಕೊಂಡು, ಹುಬ್ಬಳ್ಳಿಗೆ ವಿಡಿಯೋ ಕರೆ ಮಾಡಿದೆ.

ಹುಡುಗಿ ಸೊರಗಿದ್ದಳು. ಬಿಟ್ಟು ಊರಲ್ಲೇ ಕಾಲೇಜು ಕೆಲಸ ನೋಡಿಕೋ ಎಂದು ಮನೆಯಲ್ಲಿ ಹೇಳುತ್ತಿದ್ದಾರೆಂದಳು. ನಾನು ಮೊದಲು ಒಳ್ಳೆಯ ಸುದ್ದಿ ಎಂದುಕೊಂಡದ್ದನ್ನು ಹೇಳಿದೆ. ಬ್ಯೋರ್ನ್‌ನಲ್ಲಿ ನನ್ನವೇ ಒಂಬತ್ತು ವರ್ಷದ ಸ್ಯಾಂಪಲ್‌ಗಳಿದ್ದವು, ಅವೂ ಹೊಕ್ಕುಳಬಳ್ಳಿಯ ರಕ್ತವೇ. ಅವುಗಳ ಮೇಲೆ ಬರೆಯುವ ಲೇಖನವನ್ನು ನಂಬಿ ನಾನು ಪ್ರೊಫೆಸರ್ ಹುದ್ದೆಗೆ ಅರ್ಜಿ ಸಿದ್ಧ ಮಾಡಿಟ್ಟಿದ್ದೆ. ಎಲ್ಲವನ್ನೂ ನೀನು ತೆಗೆದುಕೋ, ಮೊದಲ ಹೆಸರು ನಿನ್ನದೇ ಇರಲಿ, ಕೆಲಸ ಅಲ್ಲಿಂದ ಶುರು ಮಾಡು ಎಂದೆ. ಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ, ಸಂಕಟದಿಂದ.

ಆಮೇಲೆ ಹಾಳೆಯ ವಿಷಯ ಹೇಳಿದೆ. ಕಾವಲುಗಾರ ಹೆಸರು ಹಿಡಿದು ಜನರನ್ನು ಹುಡುಕಿದ್ದು, ಹನ್ನೊಂದು ಸಲ ಫೋನು ಮಾಡಿದ್ದು, ಎಲ್ಲ. "ತಪ್ಪು ನಂದು. ನಿನ್ನ ಮೂರು ವರ್ಷ ನಾನೇ ಹಾಳು ಮಾಡಿದೆ" ಎಂದೆ. ಅವಳು ಸಿಟ್ಟಾಗಲಿ, ಕೂಗಲಿ ಎಂದು ಕಾದೆ. ಕೂಗಿದರೆ ನನಗೆ ಹಗುರಾಗುತ್ತಿತ್ತು.

ಅವಳು ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದು ಕೂತಳು.

"ಮೇಡಂ, ಆ ಹಾಳಿ ನಾನು ಬಂದ ಮೊದಲನೇ ವಾರನ ನೋಡಿದ್ನಿರಿ. ಹೊರಗಿನವ್ರಿಗೆ ಇದು ತಿಳಿಯಂಗಿಲ್ಲ ಅಂತ ಆವಾಗ ಅನಿಸಿತ್ತು. ಕೆಳಗ ನಂಬರ್ ಬರೀಬೇಕಂತ ಪೆನ್ನೂ ತಗದಿದ್ದೆ."

"ಮತ್ತೆ ಬರೆಯಲಿಲ್ಲ ಯಾಕೆ?"

"ನೀವು ಬೈತೀರಂತ."

ಅವಳೇ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ಯೋಚಿಸಿ ಇಟ್ಟುಕೊಂಡ ಮಾತಿನ ಹಾಗಿತ್ತು.

"ಸ್ಯಾಂಪಲ್ ತಗೋತೀನ್ರಿ. ನೀವು ಕೊಡೋದು ಭಾಳ ದೊಡ್ಡದು, ಇಲ್ಲ ಅನ್ನಂಗಿಲ್ಲ. ಆದ್ರ ಗೈಡ್ ಬ್ಯಾರೆಯವ್ರನ್ನ ಕೇಳ್ಕೋತೀನಿ ಮೇಡಂ. ನಿಮ್ಮ ಕೈಯಾಗ ಇದ್ರ, ಮುಂದ ಏನರ ತಪ್ಪು ಕಂಡ್ರೂ ನಾ ಮತ್ತ ಸುಮ್ಮನ ಇರ್ತೀನಿ."

ಮೊದಲು ನನ್ನ ಬಾಯಿಗೆ ಬಂದದ್ದು ಬೈಗುಳವೇ. ಹಲ್ಲು ಕಚ್ಚಿ ನುಂಗಿಕೊಂಡೆ. ಗೈಡ್ ಬದಲಾಯಿಸುವ ಫಾರಂ ಕಾಲೇಜಿನ ವೆಬ್‌ಸೈಟಿನಲ್ಲಿ ಎಲ್ಲಿದೆ ಎಂದು ಹೇಳಿಕೊಟ್ಟು, ಕಳಿಸು, ಇವತ್ತೇ ಸಹಿ ಮಾಡುತ್ತೇನೆ ಎಂದೆ.